ಸಿಸ್ಟರ್ ಇಟ್ಟ ಹೆಸರುಗಳು

ಚನ್ನಗಿರಿಯ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ನನ್ನ ಕೆಲಸದ ಕೋಣೆ ಇದೆ. ಶಾಲೆಗಳಿಗೆ, ಅಡಿಕೆ ಮಂಡಿಗಳಿಗೆ, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಈ ಕೆಲಸದಲ್ಲಿ ನನಗೆ ಕಲಿಸುವವರು ಸುತ್ತಮುತ್ತ ಯಾರೂ ಉಳಿದಿಲ್ಲ ಎಂಬ ಒಂದು ಸಣ್ಣ ಜಂಬ ನನಗಿತ್ತು. ಅದನ್ನು ಇಳಿಸಿದವರು ಹೊನ್ನಾಳಿಯ ಒಬ್ಬ ನಿವೃತ್ತ ನರ್ಸ್. ನಾಲ್ಕು ತಾಲ್ಲೂಕಿನಲ್ಲಿ ಅವರನ್ನು ಬಲ್ಲವರೆಲ್ಲ ಕರೆಯುವುದು ಸಿಸ್ಟರ್ ಎಂದೇ. ನಾನೂ ಹಾಗೇ ಕರೆಯುತ್ತೇನೆ.

ಅವರು ಮೊದಲ ಸಲ ಬಂದದ್ದು ಒಂದು ಬೆಳಿಗ್ಗೆ. ಕನ್ನಡಕಕ್ಕೆ ಕರಿ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್ ಪುಸ್ತಕ. ಮೆಟ್ಟಿಲು ಹತ್ತಿ ಬಂದ ಆಯಾಸಕ್ಕೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು.

"ಇದನ್ನ ಕಂಪ್ಯೂಟರಿನಾಗೆ ಹಾಕಾಕೆ ಆಗ್ತೈತಾ ನೋಡ್ರಿ. ನನಗೆ ಅರವತ್ತೆರಡಾತು. ನಾನು ಇಲ್ದಿರೋ ದಿನ ಇದನ್ನ ಓದೋರು ಯಾರೂ ಇಲ್ಲ."

ಅದು ರಕ್ತದಾನಿಗಳ ಪಟ್ಟಿ. ಸಿಸ್ಟರ್ ತಮ್ಮ ಸೇವೆಯನ್ನು ಜಗಳೂರಿನಲ್ಲಿ ಶುರು ಮಾಡಿ, ಅಲ್ಲಿಂದ ಚನ್ನಗಿರಿಗೆ, ಆಮೇಲೆ ನ್ಯಾಮತಿಗೆ, ಕೊನೆಗೆ ಹೊನ್ನಾಳಿಗೆ ವರ್ಗವಾಗಿ ಬಂದವರು. ಹೋದಲ್ಲೆಲ್ಲ ರಕ್ತ ಕೊಟ್ಟವರ ಹೆಸರು, ಊರು, ಗುಂಪು ಬರೆದಿಟ್ಟುಕೊಂಡಿದ್ದರು. ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೆಸರಿನ ಮುಂದೆ ಇನ್ನೂ ಏನೇನೋ ಇರುತ್ತಿತ್ತು. 'ಸೂಜಿ ಕಂಡರೆ ಹೆದರಿಕೆ, ಮಾತಾಡಿಸುತ್ತಿರಬೇಕು.' 'ಸೋಮವಾರ ಸಂತೆಗೆ ಹೋಗುತ್ತಾರೆ, ಸಿಗುವುದಿಲ್ಲ.' 'ಕೊಟ್ಟದ್ದು ತಾಯಿಗೆ ಗೊತ್ತಾಗಬಾರದು.' ಒಬ್ಬನ ಹೆಸರಿನ ಮುಂದೆ ಮಾತ್ರ, 'ಯಾವಾಗ ಕರೆದರೂ ಬರುತ್ತಾನೆ, ಆದ್ದರಿಂದ ಇವನನ್ನು ಕಡೆಗೆ ಕರೆಯಬೇಕು.'

ನಾನು ಆ ಪುಟಗಳನ್ನು ಓದುತ್ತಾ ಕೂತುಬಿಟ್ಟೆ. ಔಷಧಿ ಅಂಗಡಿಯವರು ಕೆಳಗಿನಿಂದ ಎರಡು ಚಹಾ ಕಳಿಸಿದರು. ನನ್ನ ಲೋಟದ ಚಹಾ ಆರಿಹೋದದ್ದು ನನಗೆ ತಿಳಿಯಲಿಲ್ಲ.

ಕೆಲಸ ಒಪ್ಪಿಕೊಂಡೆ. ಸಿಸ್ಟರ್ ಒಂದು ಮಾತನ್ನು ಮೊದಲೇ ಹೇಳಿದರು. ದಾನಿಗಳ ಫೋನ್ ನಂಬರ್ ಸೈಟಿನಲ್ಲಿ ಎಲ್ಲರಿಗೂ ಕಾಣಬಾರದು. ರಕ್ತ ಬೇಕಾದವರು ಒಂದು ಅರ್ಜಿ ತುಂಬಿ ಕಳಿಸಬೇಕು, ಅದು ಆ ತಾಲ್ಲೂಕಿನ ಒಬ್ಬ ಸ್ವಯಂಸೇವಕರ ಫೋನಿಗೆ ಹೋಗಬೇಕು, ಅವರು ದಾನಿಯನ್ನು ಕೇಳಿ ಒಪ್ಪಿಸಿ ಕರೆತರಬೇಕು. ಚನ್ನಗಿರಿಗೆ ಕೆಳಗಿನ ಔಷಧಿ ಅಂಗಡಿಯವರು ಒಪ್ಪಿದರು. ಹೊನ್ನಾಳಿಗೆ ಸಿಸ್ಟರ್ ತಾವೇ. ಜಗಳೂರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದರು, ಸಿಸ್ಟರಿಗೆ ಹಳೆಯ ಪರಿಚಯ. ನ್ಯಾಮತಿಯನ್ನು ಸದ್ಯಕ್ಕೆ ಹೊನ್ನಾಳಿಯ ಜೊತೆಯಲ್ಲೇ ಇಟ್ಟುಕೊಂಡೆವು. ಪುಸ್ತಕದಲ್ಲೂ ಹಾಗೇ ಇತ್ತು. ನ್ಯಾಮತಿ ಬೇರೆ ತಾಲ್ಲೂಕಾದದ್ದು ಆ ಪುಟಗಳನ್ನು ಬರೆದ ಎಷ್ಟೋ ಕಾಲದ ಮೇಲೆ.

ಪಟ್ಟಿ ಕೊಟ್ಟು ಹೋಗಿ ಎಂದು ನಾನು ಹೇಳಿದೆ. ಸಿಸ್ಟರ್ ಹೋಗಲಿಲ್ಲ. ವಾರಕ್ಕೆ ಎರಡು ದಿನ ಹೊನ್ನಾಳಿಯಿಂದ ಬಸ್ಸಿನಲ್ಲಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು.

"ನೀವು ಏನು ಮಾಡ್ತೀರಿ ಅನ್ನೋದು ನನಗೆ ಗೊತ್ತಿರಬೇಕು. ಜನರ ಹೆಸರು ಕೊಟ್ಟೀನಿ," ಎಂದರು.

ಮೊದಮೊದಲು ನನಗೆ ಕಿರಿಕಿರಿಯಾಯಿತು. ಬೆನ್ನ ಹಿಂದೆ ಯಾರಾದರೂ ಕೂತರೆ ನನಗೆ ಬೆರಳು ಓಡುವುದಿಲ್ಲ. ಆದರೆ ಅವರು ಕೇಳುವ ರೀತಿಯಲ್ಲಿ ಅನುಮಾನ ಇರಲಿಲ್ಲ, ಕುತೂಹಲ ಮಾತ್ರ ಇತ್ತು. ಉತ್ತರ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಅರ್ಥವಾಗದಿದ್ದರೆ, "ಇನ್ನೊಂದ್ಸಲ ಹೇಳ್ರಿ," ಅನ್ನಲು ನಾಚುತ್ತಿರಲಿಲ್ಲ.

ನಾನು ಬಳಸುವುದು ವೆಬ್‌ಸೈಟ್ ಬರೆಯುವ ಪಿಎಚ್‌ಪಿ ಭಾಷೆಯ ಒಂದು ಫ್ರೇಮ್‌ವರ್ಕ್. ಎಲ್ಲ ಸೈಟುಗಳಿಗೂ ಬೇಕಾಗುವ ಕೆಲಸವನ್ನು ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿರುತ್ತಾರೆ. ನಾವು ಅದರ ಮೇಲೆ ನಮ್ಮದನ್ನು ಕಟ್ಟುತ್ತೇವೆ. ಅದರಲ್ಲಿ ರೂಟ್ ಎಂಬುದೊಂದು ಇದೆ. ಯಾವ ವಿಳಾಸ ಕೇಳಿದರೆ ಸೈಟು ಯಾವ ಕೆಲಸ ಮಾಡಬೇಕು ಎಂದು ಹೇಳುವ ಸಾಲು ಅದು. ಪ್ರತಿ ರೂಟಿಗೂ ಒಂದು ಹೆಸರು. ಆ ಹೆಸರು ಹೊರಗಿನವರಿಗೆ ಕಾಣುವುದಿಲ್ಲ. ಸೈಟಿನೊಳಗೆ ಒಂದು ಪುಟ ಇನ್ನೊಂದನ್ನು ಕರೆಯುವಾಗ ಆ ಹೆಸರು ಹಿಡಿದು ಕರೆಯುತ್ತದೆ. ನಾಳೆ ವಿಳಾಸ ಬದಲಾದರೂ ಹೆಸರು ಅದೇ ಇದ್ದರೆ ಯಾವ ಕೊಂಡಿಯೂ ತಪ್ಪುವುದಿಲ್ಲ. ದಾನಿಗಳ ಪಟ್ಟಿಯಂಥದ್ದಕ್ಕೆ ನಾವು ಒಂದೇ ಸಾಲು ಬರೆದರೆ ಸಾಕು, ಫ್ರೇಮ್‌ವರ್ಕ್ ತಾನೇ ಏಳು ರೂಟ್ ಮಾಡಿ ಏಳಕ್ಕೂ ಇಂಗ್ಲಿಷಿನಲ್ಲಿ ಹೆಸರಿಟ್ಟುಬಿಡುತ್ತದೆ. ಪಟ್ಟಿ ತೋರಿಸುವುದು, ಖಾಲಿ ಅರ್ಜಿ ತೆರೆಯುವುದು, ಹೊಸಬರನ್ನು ಸೇರಿಸುವುದು, ಒಬ್ಬರ ವಿವರ ತೋರಿಸುವುದು, ತಿದ್ದಲು ತೆರೆಯುವುದು, ತಿದ್ದಿದ್ದನ್ನು ಉಳಿಸುವುದು, ಕೊನೆಯದು ತೆಗೆದುಹಾಕುವುದು.

ಒಂದು ದಿನ ನಾನು ಒಂದು ಆಜ್ಞೆ ಕೊಟ್ಟಾಗ ಆ ಏಳೂ ಹೆಸರು ಪರದೆಯ ಮೇಲೆ ಸಾಲಾಗಿ ಬಂದವು. ಸಿಸ್ಟರ್ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಬಾಯಿಬಿಟ್ಟು ಓದಿದರು. ಕೊನೆಯದಕ್ಕೆ ಬಂದು ನಿಂತರು.

"ಡೋನರ್ಸ್ ಡೆಸ್ಟ್ರಾಯ್. ಇದೇನ್ರೀ ಇದು?"

"ಪಟ್ಟಿಯಿಂದ ಹೆಸರು ತೆಗೆಯೋದು ಸಿಸ್ಟರ್. ಫ್ರೇಮ್‌ವರ್ಕ್ ಇಟ್ಟಿರೋ ಹೆಸರು ಅದು."

"ಡೆಸ್ಟ್ರಾಯ್ ಅಂದ್ರೆ ನಾಶ ಮಾಡಾದು ಅಲ್ವಾ?"

"ಹೌದು. ಆದ್ರೆ ಅದು ಒಳಗಿನ ಹೆಸರು. ಯಾರಿಗೂ ಕಾಣಲ್ಲ."

"ನಿಮಗೆ ಕಾಣ್ತೈತಲ್ಲ," ಎಂದರು ಸಿಸ್ಟರ್.

ನಾನು ನಕ್ಕೆ. ಅವರು ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಕನ್ನಡಕ ಕೆಳಗಿಳಿಸಿ ಹೇಳಿದರು:

"ವಾರ್ಡಿನಾಗೆ ನಾವು ಎಂಟನೇ ಬೆಡ್ಡು, ಹತ್ತನೇ ಬೆಡ್ಡು ಅಂತ ಕರೆಯೋರು. ಪೇಷಂಟಿಗೆ ಕೇಳ್ಸಂಗಿಲ್ಲ, ನಮ್ಮ ನಮ್ಮೊಳಗೇ. ಒಂದೆರಡು ವರ್ಷ ಹಂಗೆ ಕರದ್ರೆ ಸಾಕು, ಆಮೇಲೆ ನಾವು ಬೆಡ್ಡಿಗೇ ಇಂಜೆಕ್ಷನ್ ಕೊಡಾಕೆ ಶುರು ಮಾಡ್ತೀವಿ. ಅದಕ್ಕೇ ನಾನು ಬಿಟ್ಟೆ. ಇದರ ಹೆಸರು ಬದಲಾಯಿಸಾಕೆ ಬರಲ್ವಾ?"

ಬರುತ್ತದೆ. ರೂಟಿನ ಸಾಲಿನಲ್ಲೇ, ಇಂಥದ್ದಕ್ಕೆ ಇಂಥ ಹೆಸರು ಎಂದು ಬರೆದರೆ ಫ್ರೇಮ್‌ವರ್ಕ್ ತನ್ನ ಹೆಸರು ಬಿಟ್ಟು ನಮ್ಮದನ್ನು ತೆಗೆದುಕೊಳ್ಳುತ್ತದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಬಳಸಿದ್ದು ಎರಡೋ ಮೂರೋ ಸಲ. ಏನು ಹೆಸರು ಇಡೋಣ ಎಂದು ಕೇಳಿದೆ.

ಅವರು, ದಾನಿಗಳು ಪಟ್ಟಿಯಿಂದ ಯಾಕೆ ಹೋಗುತ್ತಾರೆ ಎಂದು ನನ್ನನ್ನೇ ಕೇಳಿದರು. ನಾನು ಯೋಚಿಸಿರಲಿಲ್ಲ. ವಯಸ್ಸಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಒಬ್ಬಳು ಬಸುರಿಯಾಗುತ್ತಾಳೆ, ಒಬ್ಬನಿಗೆ ಆಪರೇಷನ್ ಆಗಿರುತ್ತದೆ ಎಂದು ಅವರೇ ಹೇಳಿದರು. "ಅವರೆಲ್ಲ ಕೊಟ್ಟೋರೇ ಅಲ್ವಾ? ಕೊಟ್ಟೋರನ್ನ ಅಳಿಸಾಕೆ ಆಗ್ತೈತಾ? ವಿರಾಮ ಅಂತ ಇಡ್ರಿ."

ಹೆಸರು ಬದಲಾದ ಮೇಲೆ ಕೆಲಸವೂ ಬದಲಾಗಬೇಕಾಯಿತು. ವಿರಾಮ ಎಂದು ಬರೆದು ಒಳಗೆ ಅಳಿಸಿಹಾಕುವುದು ನನಗೇ ಸರಿ ಕಾಣಲಿಲ್ಲ. ಹಾಗಾಗಿ ಆ ಗುಂಡಿ ಒತ್ತಿದರೆ ದಾನಿಯ ಹೆಸರು ಹುಡುಕಾಟದಲ್ಲಿ ಬರುವುದಿಲ್ಲ, ಆದರೆ ದಾಖಲೆಯಲ್ಲಿ ಉಳಿಯುತ್ತದೆ, ಬಸುರಿಯಾದವಳು ಮುಂದೆ ಮತ್ತೆ ಬರಬಹುದು ಎಂಬಂತೆ ಮಾಡಿದೆ. ಒಂದು ಹೆಸರಿನಿಂದ ಸೈಟಿನ ಒಂದು ಭಾಗವೇ ಬೇರೆಯಾಯಿತು. ಅವತ್ತು ನನಗೆ ಅವರ ಮೇಲೆ ಮೊದಲ ಸಲ ನಿಜವಾದ ಗೌರವ ಹುಟ್ಟಿತು.

ಉಳಿದ ಆರಕ್ಕೂ ಅವರೇ ಹೆಸರಿಟ್ಟರು. ಪಟ್ಟಿ, ಹೊಸಬರು, ಸೇರಿಸು, ಪರಿಚಯ, ತಿದ್ದು, ಉಳಿಸು. ರಕ್ತ ಬೇಕಾದವರ ಅರ್ಜಿ ಕಳಿಸಲು ಎಂಟನೆಯ ರೂಟ್ ಒಂದಿತ್ತು. ಅದಕ್ಕೆ 'ಕರೆ' ಎಂದರು. ಕನ್ನಡ ಪದಗಳೇ, ಬರೆಯುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಮೂರು ತಾಲ್ಲೂಕಿಗೂ ಇದೇ ಎಂಟು, ಪ್ರತಿಯೊಂದರ ಮುಂದೆ ಆಯಾ ಊರಿನ ಹೆಸರು. ನಾನು ಅವನ್ನೆಲ್ಲ ಕೈಯಿಂದಲೇ ಒಂದೊಂದಾಗಿ ಬರೆದೆ.

ಸೈಟು ತಯಾರಾದ ಮೇಲೆ ತೋರಿಸಲು ನಾವಿಬ್ಬರೂ ನ್ಯಾಮತಿಗೆ ಹೋದೆವು. ಅಲ್ಲಿ ಹೈಸ್ಕೂಲಿನ ಒಬ್ಬ ದೈಹಿಕ ಶಿಕ್ಷಕರು ತಾವೇ ವರ್ಷಕ್ಕೆ ಎರಡು ಸಲ ರಕ್ತ ಕೊಡುವವರು. ಎಲ್ಲವನ್ನೂ ನೋಡಿ ಮೆಚ್ಚಿದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು.

"ಎಲ್ಲಾ ಚೆನ್ನಾಗೈತೆ ಸಿಸ್ಟರ್. ಆದ್ರೆ ನಾವು ಇನ್ನೂ ಹೊನ್ನಾಳಿ ಪುಟದಾಗೇ ಇದ್ದೀವಲ್ಲ. ನಮಗೂ ಒಂದು ಬೇರೆ ಮಾಡ್ರಿ. ನಾನು ನೋಡ್ಕಂತೀನಿ."

ಸಿಸ್ಟರ್ ಒಪ್ಪಿದರು. ನಾನು ಚನ್ನಗಿರಿಗೆ ಬಂದು ಆ ಸಂಜೆಯೇ ಮಾಡಿಬಿಟ್ಟೆ. ಹೊನ್ನಾಳಿಯ ಎಂಟು ಸಾಲು ನಕಲು ಮಾಡಿ ಕೆಳಗೆ ಅಂಟಿಸಿದೆ. ವಿಳಾಸ ಬದಲಿಸಿದೆ, ಶಿಕ್ಷಕರ ನಂಬರ್ ಹಾಕಿದೆ, ಹೆಸರುಗಳಲ್ಲಿ ಹೊನ್ನಾಳಿ ಇದ್ದ ಕಡೆ ನ್ಯಾಮತಿ ಎಂದು ತಿದ್ದಿದೆ. ಪುಟ ತೆರೆಯಿತು, ಪಟ್ಟಿ ಬಂತು, ಚೆನ್ನಾಗಿತ್ತು. ಹತ್ತು ನಿಮಿಷದ ಕೆಲಸ ಎಂದು ಮನಸ್ಸಿನಲ್ಲೇ ಬೀಗಿದೆ. ಎಂಟರಲ್ಲಿ ಏಳನ್ನು ಮಾತ್ರ ತಿದ್ದಿದ್ದೆ. ಕೊನೆಯದು, 'ಕರೆ', ಹೊನ್ನಾಳಿಯ ಹೆಸರಿನಲ್ಲೇ ಉಳಿದಿತ್ತು.

ಒಂದೇ ಹೆಸರಿನ ಎರಡು ರೂಟ್ ಇದ್ದರೆ ಫ್ರೇಮ್‌ವರ್ಕ್ ಜಗಳ ಮಾಡುವುದಿಲ್ಲ. ಆ ಹೆಸರು ಕರೆದರೆ ಕೊನೆಯಲ್ಲಿ ಬರೆದದ್ದು ಯಾವುದೋ ಅದನ್ನು ಸುಮ್ಮನೆ ಕೊಟ್ಟುಬಿಡುತ್ತದೆ. ಹೀಗಾಗಿ ಹೊನ್ನಾಳಿಯ ಪುಟ ಹೊನ್ನಾಳಿಯದೇ, ಪಟ್ಟಿಯೂ ಹೊನ್ನಾಳಿಯದೇ. ಆದರೆ ಅಲ್ಲಿ ತುಂಬಿದ ಅರ್ಜಿ ಮಾತ್ರ ನ್ಯಾಮತಿಯ ಶಿಕ್ಷಕರ ಫೋನಿಗೆ ಹೋಗುತ್ತಿತ್ತು.

ಇದು ಗೊತ್ತಾದದ್ದು ಮೂರು ವಾರದ ಮೇಲೆ. ಅಲ್ಲಿಯವರೆಗೆ ಆ ಎರಡು ತಾಲ್ಲೂಕಿನಿಂದಲೂ ಅರ್ಜಿ ಬಂದಿರಲಿಲ್ಲ.

ಸಾಸ್ವೆಹಳ್ಳಿಯ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ಕಷ್ಟವಾಗಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅವಳದು ಓ ನೆಗೆಟಿವ್, ಸುಲಭಕ್ಕೆ ಸಿಗದ ಗುಂಪು. ದಾನಿಯೊಬ್ಬರನ್ನು ಕರೆಸಿದರೆ ಒಳ್ಳೆಯದು ಎಂದು ವೈದ್ಯರು ಹೇಳಿದರು. ಅವಳ ತಂಗಿ, ಪದವಿ ಓದುವ ಹುಡುಗಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ತನ್ನ ಫೋನಿನಲ್ಲಿ ನಮ್ಮ ಸೈಟ್ ತೆರೆದು, ಹೊನ್ನಾಳಿ ಎಂದು ಒತ್ತಿ, ಅರ್ಜಿ ತುಂಬಿ ಕಳಿಸಿದಳು. ಆಗ ಬೆಳಿಗ್ಗೆ ಹತ್ತು ಗಂಟೆ. 'ನಿಮ್ಮ ಕರೆ ತಲುಪಿದೆ' ಎಂದು ಸೈಟು ಹೇಳಿತು. ತಲುಪಿದ್ದು ನಿಜ. ಆದರೆ ಶಿಕ್ಷಕರು ಅವತ್ತು ಮಕ್ಕಳನ್ನು ಕರೆದುಕೊಂಡು ಕ್ರೀಡಾಕೂಟಕ್ಕೆ ಹೋಗಿದ್ದರು. ಫೋನು ಚೀಲದಲ್ಲಿ, ಚೀಲ ಮೈದಾನದ ಆಚೆ ಮರದ ಕೆಳಗೆ. ಸಿಸ್ಟರ್ ಮನೆಯಲ್ಲೇ ಇದ್ದರು, ಫೋನು ಕೈಯಲ್ಲೇ ಇತ್ತು.

ಹುಡುಗಿ ಕಾದಳು. ಮತ್ತೆ ತುಂಬಿದಳು. ಮತ್ತೂ ಕಾದಳು. ಹೀಗೆ ಸುಮಾರು ಎರಡು ಗಂಟೆ ಹೋಯಿತು. ಅಲ್ಲೇ ಇದ್ದ ಯಾರೋ ಒಬ್ಬ ಮುದುಕಿ, ಹೊನ್ನಾಳಿ ಸಿಸ್ಟರಿಗೆ ನೇರ ಫೋನು ಮಾಡು ಎಂದು ಹೇಳಿ ನಂಬರ್ ಕೊಡಿಸಿದರು.

ಸಿಸ್ಟರ್ ಅವಳನ್ನು ಮೂರೇ ಮಾತು ಕೇಳಿದರಂತೆ. ಯಾವ ಗುಂಪು, ಎಲ್ಲಿದ್ದೀರಿ, ವೈದ್ಯರು ಏನಂದರು. ನೀನು ಮೊದಲೇ ಯಾಕೆ ಫೋನು ಮಾಡಲಿಲ್ಲ ಎಂದು ಕೇಳಲಿಲ್ಲ. ಓ ನೆಗೆಟಿವ್‌ನವರು ಅವರ ಪುಸ್ತಕದಲ್ಲಿ ಏಳೇ ಜನ. ಪುಸ್ತಕ ತೆರೆಯುವ ಅಗತ್ಯವೂ ಅವರಿಗೆ ಬೀಳಲಿಲ್ಲ. ಇಬ್ಬರು ಕೊಟ್ಟು ಮೂರು ತಿಂಗಳಾಗಿರಲಿಲ್ಲ ಎಂಬುದು ನೆನಪಿತ್ತು. ಮೂರನೆಯವರು ನಲ್ಲೂರಿನಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರಿಗೆ ಫೋನು ಮಾಡಿ, ಊಟ ಮಾಡಿಯೇ ಹೊರಡಬೇಕು, ಬರಿ ಹೊಟ್ಟೆಯಲ್ಲಿ ಬರಬಾರದು ಎಂದು ಹೇಳಿ, ತಾವೂ ಹೊರಟು ಆಸ್ಪತ್ರೆ ಮುಟ್ಟಿದರು. ರಕ್ತ ವೇಳೆಗೆ ಸಿಕ್ಕಿತು.

ನನಗೆ ಫೋನು ಬಂದದ್ದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ಅವರು ಮಾತಾಡಿದ ಕ್ರಮ ನನಗೆ ಇನ್ನೂ ನೆನಪಿದೆ.

"ಸಾಸ್ವೆಹಳ್ಳಿ ಹುಡುಗಿಗೆ ಹೆರಿಗೆ ಆತು. ತಾಯಿ ಹುಷಾರಾಗೈತೆ. ಹೆಣ್ಣು ಕೂಸು, ಅದೂ ಹುಷಾರು. ಇಷ್ಟು ಕೇಳಿಸ್ಕಂಡ್ರಾ?"

"ಹ್ಞೂಂ ಸಿಸ್ಟರ್."

"ಈಗ ಇದನ್ನ ಕೇಳ್ರಿ. ಅವಳ ತಂಗಿ ಹತ್ತು ಗಂಟೆಗೇ ಅರ್ಜಿ ಕಳಿಸೈತೆ. ನನಗೆ ಬಂದಿಲ್ಲ. ಎಲ್ಲಿಗೆ ಹೋತು ಅಂತ ನೋಡ್ರಿ."

ತಪ್ಪನ್ನು ಹೇಳುವ ಮೊದಲು ಎಲ್ಲರೂ ಉಳಿದಿದ್ದಾರೆ ಎಂದು ನನಗೆ ಹೇಳಿದರು. ನಾನು ಗಾಬರಿಯಾಗಬಾರದು ಎಂದು. ಆ ದಿನ ಅಷ್ಟು ಓಡಾಡಿದ ಅರವತ್ತೆರಡರ ಹೆಂಗಸಿಗೆ ನನ್ನ ಬಗ್ಗೆಯೂ ಯೋಚಿಸಲು ಹೇಗೆ ಸಾಧ್ಯವಾಯಿತೋ ನನಗೆ ತಿಳಿಯದು.

ಹುಡುಕಲು ಐದು ನಿಮಿಷ ಸಾಕಾಯಿತು. ಆ ಸಾಲು ಕಣ್ಣಿಗೆ ಬಿತ್ತು. ತಿದ್ದಿದೆ. ಸಿಸ್ಟರಿಗೆ ಫೋನು ಮಾಡಿ, ತಪ್ಪು ನನ್ನದೇ, ಹೆಸರು ಎರಡು ಕಡೆ ಒಂದೇ ಆಗಿತ್ತು ಎಂದೆ. "ಸರಿ. ನಾಳೆ ಬರ್ತೀನಿ," ಎಂದಷ್ಟೇ ಹೇಳಿ ಇಟ್ಟರು.

ಮರುದಿನ ಅವರು ಬರುವ ಮೊದಲೇ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅವರು ಎಂದಿನಂತೆ ಮೆಟ್ಟಿಲು ಹತ್ತಿ ಬಂದು, ಸ್ವಲ್ಪ ಸುಧಾರಿಸಿಕೊಂಡು, ತೋರಿಸಿ ಎಂದರು. ತೋರಿಸಿದೆ. ಹುಡುಗಿ ಕಳಿಸಿದ ಎರಡು ಅರ್ಜಿಗಳನ್ನೂ, ನಾನು ತಪ್ಪಿದ ಸಾಲನ್ನೂ ಪರದೆಯಲ್ಲಿ ಓದಿದರು.

"ಒಂದೇ ಹೆಸರಿನೋರು ಇಬ್ಬರು," ಎಂದರು. ಆಮೇಲೆ ಹೇಳಿದರು: "ನಾನು ಕೆಲಸಕ್ಕೆ ಸೇರಿದ ಹೊಸದರಾಗೆ ಒಂದು ವಾರ್ಡಿನಾಗೆ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ರು. ಹೆಸರು ಕರದೆ, ಒಬ್ಬಳು ಓ ಅಂದ್ಲು, ಮಾತ್ರೆ ಕೊಟ್ಟೆ. ಅದು ಇನ್ನೊಬ್ಬಳದು. ಅವಳಿಗೆ ಏನೂ ಆಗ್ಲಿಲ್ಲ, ಶಕ್ತಿ ಮಾತ್ರೆ ಅದು. ಆದ್ರೆ ನಾನು ಮೂರು ದಿನ ಊಟ ಮಾಡ್ಲಿಲ್ಲ. ಅವತ್ತಿಂದ ಚೀಟಿ ಬರೆಯಾಗ ಮೊದ್ಲು ಊರು ಬರೆದು ಆಮೇಲೆ ಹೆಸರು ಬರೀತೀನಿ. ಊರು ಅನ್ನೋದನ್ನ ಮರೆಯಾಕೆ ಆಗ್ಬಾರದು, ಹಂಗೆ ಮಾಡ್ಕಂಡೆ. ಚೀಟಿ ಮೇಲೇ ಅಚ್ಚು ಹಾಕಿಸ್ದೆ. ನಿಮ್ಮ ಇದರಾಗೆ ಹಂಗೆ ಮಾಡಾಕೆ ಬರ್ತೈತಾ?"

ಅದೂ ಬರುತ್ತದೆ. ಒಂದು ತಾಲ್ಲೂಕಿನ ರೂಟುಗಳನ್ನೆಲ್ಲ ಒಂದು ಗುಂಪಿನೊಳಗೆ ಹಾಕಿ, ಗುಂಪಿನ ತಲೆಗೆ ಒಂದೇ ಸಲ ಊರಿನ ಹೆಸರು ಬರೆದರೆ, ಒಳಗಿನ ಎಂಟಕ್ಕೂ ಅದು ತಾನಾಗಿ ಮುಂದೆ ಅಂಟಿಕೊಳ್ಳುತ್ತದೆ. ಕೈಯಿಂದ ಬರೆಯುವ ಪ್ರಶ್ನೆಯೇ ಇಲ್ಲ, ಮರೆಯುವ ಪ್ರಶ್ನೆಯೂ ಇಲ್ಲ. ಇದು ನನಗೆ ಗೊತ್ತಿತ್ತು. ಸೋಮಾರಿತನಕ್ಕೆ ಮಾಡಿರಲಿಲ್ಲ. ಜೊತೆಗೆ ಇನ್ನೊಂದು ಆಜ್ಞೆಯೂ ಇದೆ. ರೂಟುಗಳನ್ನೆಲ್ಲ ಒಟ್ಟುಮಾಡಿ ಸೈಟು ಬೇಗ ತೆರೆಯುವಂತೆ ಕಟ್ಟಿಡುವ ಆಜ್ಞೆ ಅದು, ಒಂದೇ ಹೆಸರು ಎರಡು ಕಡೆ ಕಂಡರೆ ಅದು ಮುಂದೆ ಹೋಗುವುದಿಲ್ಲ, ನಿಂತು ದೂರು ಹೇಳುತ್ತದೆ. ಅದನ್ನೂ ಸಿಸ್ಟರಿಗೆ ಹೇಳಿದೆ.

"ಇದು ಮೊದ್ಲಿಂದ ಐತಾ?"

"ಐತೆ ಸಿಸ್ಟರ್."

"ನೀವು ಹಾಕ್ಲಿಲ್ಲ."

"ಇಲ್ಲ."

ಅವರು ಅಷ್ಟಕ್ಕೇ ಬಿಟ್ಟರು. ಅವರ ಮುಂದೆಯೇ ನಾಲ್ಕು ಗುಂಪು ಮಾಡಿದೆ. ಮೂವತ್ತೆರಡು ಹೆಸರು ಕಾಗದದ ಮೇಲೆ ಮುದ್ರಿಸಿ ಕೊಟ್ಟೆ. ಸಿಸ್ಟರ್ ಅಡಿಪಟ್ಟಿ ಇಟ್ಟುಕೊಂಡು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದರು. ನಾನು ಪರದೆಯಲ್ಲಿ ಅದೇ ಸಾಲಿಗೆ ಬೆರಳಿಟ್ಟೆ. ಚನ್ನಗಿರಿ ಪಟ್ಟಿ, ಚನ್ನಗಿರಿ ಹೊಸಬರು, ಚನ್ನಗಿರಿ ಸೇರಿಸು. ಹೊನ್ನಾಳಿ ಕರೆಯನ್ನು ಎರಡು ಸಲ ಓದಿದೆವು. ಆಮೇಲೆ ನಾಲ್ಕೂ ತಾಲ್ಲೂಕಿನಿಂದ ಒಂದೊಂದು ಅರ್ಜಿ ಕಳಿಸಿ, ನಾಲ್ಕು ಜನಕ್ಕೂ ಫೋನು ಮಾಡಿ ಬಂತೇ ಎಂದು ಕೇಳಿಕೊಂಡೆವು. ಶಿಕ್ಷಕರ ದನಿ ಕುಗ್ಗಿತ್ತು. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ ಸಾರ್, ಎಲ್ಲ ನನ್ನದು ಎಂದು ನಾನೇ ಹೇಳಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಸಿಸ್ಟರ್, "ಬರಾ ಭಾನುವಾರ ಸಾಸ್ವೆಹಳ್ಳಿಗೆ ಹೋಗಣ," ಎಂದರು.

"ಯಾಕೆ ಸಿಸ್ಟರ್? ಈಗ ಎಲ್ಲಾ ಸರಿ ಹೋಯ್ತಲ್ಲ."

"ಅವರಿಗೆ ಗೊತ್ತಿಲ್ಲಲ್ಲ."

ನನಗೆ ಮನಸ್ಸಿರಲಿಲ್ಲ. ಅವರಿಗೆ ಗೊತ್ತೇ ಇಲ್ಲದ ತಪ್ಪನ್ನು ಹೋಗಿ ಒಪ್ಪಿಸುವುದು ಯಾಕೆ ಎಂದು ಬಸ್ಸಿನಲ್ಲಿ ಕೂತಾಗಲೂ ಅನ್ನಿಸುತ್ತಿತ್ತು. ಸಾಸ್ವೆಹಳ್ಳಿಯಲ್ಲಿ ಇಳಿದು ಮನೆ ಹುಡುಕಿದೆವು. ಬಾಣಂತಿ ಒಳಗಿನ ಕೋಣೆಯಲ್ಲಿದ್ದಳು. ಅವಳ ತಂದೆ ಹೊಲದಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದರು. ಸಿಸ್ಟರನ್ನು ಕಂಡು ಮನೆಯವರೆಲ್ಲ ಹೊರಗೆ ಬಂದರು, ಚಾಪೆ ಹಾಸಿದರು. ಕುಡಿಯಲು ನೀರು ಕೊಟ್ಟರು. ನಾನು ನೀರು ಕುಡಿದು, ಲೋಟ ಕೆಳಗಿಟ್ಟು, ಅರ್ಜಿ ಯಾಕೆ ಬೇರೆ ಊರಿಗೆ ಹೋಯಿತು ಎಂದು ಹೇಳಿದೆ. ರೂಟು, ಹೆಸರು ಎಂದೆಲ್ಲ ಹೇಳದೆ, ನಾನು ಒಂದು ಕಡೆ ಊರಿನ ಹೆಸರು ತಿದ್ದಲು ಮರೆತೆ, ಅದರಿಂದ ನಿಮ್ಮ ಎರಡು ಗಂಟೆ ಹಾಳಾಯಿತು, ಕ್ಷಮಿಸಿ ಎಂದೆ.

ತಂದೆ ತಲೆ ಅಲ್ಲಾಡಿಸುತ್ತಾ ಕೇಳಿಸಿಕೊಂಡರು. "ಮನುಷ್ಯರು ಮಾಡಾ ಕೆಲಸ. ಈಗ ಎಲ್ಲಾ ಸುಸೂತ್ರ ಆತಲ್ಲ ಬಿಡ್ರಿ," ಎಂದರು.

ಆದರೆ ಬಾಗಿಲ ಹತ್ತಿರ ನಿಂತಿದ್ದ ತಂಗಿ, ಅರ್ಜಿ ತುಂಬಿದ ಹುಡುಗಿ, ಇದ್ದಕ್ಕಿದ್ದಂತೆ ಅಳಲು ಶುರು ಮಾಡಿದಳು. ಏನಾಯಿತು ಎಂದು ಅವಳ ತಾಯಿ ಹತ್ತಿರ ಹೋದರು.

"ನಾನೇ ತಪ್ಪು ಒತ್ತಿದೀನಿ ಅಂತ ಅಂದ್ಕಂಡಿದ್ದೆ," ಎಂದಳು ಹುಡುಗಿ. "ಅಕ್ಕ ಒಳಗೆ ಹಂಗೆ ಒದ್ದಾಡಾಗ ನಾನೇ ಏನೋ ತಪ್ಪು ತುಂಬಿ ಎರಡು ಗಂಟೆ ಸುಮ್ನೆ ನಿಂತಿದ್ದೆ ಅಂತ. ಯಾರತ್ರನೂ ಹೇಳಿರಲಿಲ್ಲ."

ಸಿಸ್ಟರ್ ಎದ್ದು ಹೋಗಿ ಅವಳ ತಲೆ ಮೇಲೆ ಕೈಯಿಟ್ಟರು. "ನೀನು ಸರಿಯಾಗೇ ಒತ್ತೀಯವ್ವ. ಎರಡೂ ಸಲ ಸರಿಯಾಗೇ ತುಂಬೀಯ. ನಾನು ನೋಡೀನಿ."

ನನ್ನ ಒಂದು ಸಾಲಿನ ಮರೆವು ಒಂದು ಮನೆಯ ಹುಡುಗಿಯ ಎದೆಯಲ್ಲಿ ಹೆಚ್ಚುಕಡಿಮೆ ಒಂದು ವಾರ ಕೂತಿತ್ತು. ನಾವು ಬರದೇ ಇದ್ದಿದ್ದರೆ ಅದು ಇನ್ನೆಷ್ಟು ವರ್ಷ ಕೂತಿರುತ್ತಿತ್ತೋ. ಇದನ್ನು ಸಿಸ್ಟರ್ ಮೊದಲೇ ಊಹಿಸಿದ್ದರೇ ಎಂದು ಬಸ್ಸಿನಲ್ಲಿ ಕೇಳಿದೆ. "ಇಲ್ಲಪ್ಪ. ಹೇಳಬೇಕಿತ್ತು, ಹೇಳಿದ್ವಿ," ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಸ್ವಲ್ಪ ದೂರ ಹೋಗುವುದರೊಳಗೆ ನಿದ್ದೆ ಹೋಗಿದ್ದರು.

ಆಮೇಲೆ ಸೈಟು ಚೆನ್ನಾಗಿ ನಡೆಯಿತು. ಬಸವಾಪಟ್ಟಣದ ಕಡೆಯಿಂದ ಹೊಸಬರು ಬಹಳ ಜನ ಸೇರಿದರು. ವಿರಾಮ ತೆಗೆದುಕೊಂಡವರಿಗೆ ವರ್ಷಕ್ಕೊಮ್ಮೆ ಒಂದು ವಂದನೆಯ ಸಂದೇಶ ಹೋಗುವಂತೆ ಮಾಡಿದೆವು. ಹೊಸ ಕೆಲಸ ಯಾವುದೇ ಬಂದರೂ ಈಗ ನಾನು ಮೊದಲು ಹೆಸರು ಯೋಚಿಸುತ್ತೇನೆ. ಅಡಿಕೆ ಮಂಡಿಯವರ ಸೈಟಾದರೂ ಅಷ್ಟೇ, ಶಾಲೆಯದಾದರೂ ಅಷ್ಟೇ. ಗಟ್ಟಿಯಾಗಿ ಓದಿ ನೋಡುತ್ತೇನೆ. ಕೇಳಲು ಸರಿಯಿಲ್ಲದಿದ್ದರೆ ಒಳಗೆ ಏನೋ ಸರಿಯಿಲ್ಲ ಎಂದು ಮತ್ತೆ ನೋಡುತ್ತೇನೆ. ಹಾಗೆ ಸಿಕ್ಕಿಬಿದ್ದ ತಪ್ಪುಗಳು ಒಂದೆರಡಲ್ಲ.

ಸಿಸ್ಟರ್ ಬರುವುದನ್ನು ನಿಲ್ಲಿಸಲಿಲ್ಲ. ರೂಟ್ ಬರೆಯುವುದನ್ನು ನನಗೂ ಕಲಿಸಿ ಎಂದರು. ತೋರುಬೆರಳು ಒಂದರಿಂದಲೇ ಟೈಪು ಮಾಡುತ್ತಾರೆ. ಮೊದಲ ದಿನ ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆ ಬಿಟ್ಟುಹೋಗಿ ಇಡೀ ಸೈಟು ಕೆಂಪಾಗಿ ಬಂದಾಗ ಹೆದರಲಿಲ್ಲ. "ಎಲ್ಲಿ ನೋಯ್ತೈತೆ ಅಂತ ಅದೇ ಹೇಳ್ತೈತಲ್ಲ, ಚೆನ್ನಾಗೈತೆ ಇದು," ಎಂದು ಅದು ತೋರಿಸಿದ ಸಾಲಿಗೆ ಹೋಗಿ ಸರಿಮಾಡಿದರು. ಅವರು ತಿದ್ದುವುದು ನನ್ನ ಕಂಪ್ಯೂಟರಿನ ನಕಲಿನಲ್ಲಿ. ನಾನು ಒಮ್ಮೆ ಓದಿದ ಮೇಲೆಯೇ ನಿಜವಾದ ಸೈಟಿಗೆ ಹಾಕುವುದು. ಈ ಕಟ್ಟಳೆ ಮಾಡಿದವರೂ ಅವರೇ.

ಕಳೆದ ತಿಂಗಳು ಜಗಳೂರಿಗೆ ಹೋಗಿದ್ದೆವು. ಅಲ್ಲಿಯ ಹೊಲಿಗೆ ಹೆಂಗಸು ಬಹಳ ದಿನದಿಂದ ಒಂದು ಕೇಳುತ್ತಿದ್ದರು. ದಾನಿಯನ್ನು ಆಸ್ಪತ್ರೆಗೆ ಬೈಕಿನಲ್ಲಿ ಬಿಟ್ಟುಬರಲು ಒಪ್ಪುವವರ ಪಟ್ಟಿಯೊಂದು ಬೇಕು. ಜಗಳೂರಿನ ಕಡೆ ಎಷ್ಟೋ ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಇರುವುದಿಲ್ಲ. ನಾನು ನನ್ನ ಲ್ಯಾಪ್‌ಟಾಪ್ ತೆರೆದು ಹೊಲಿಗೆ ಮೇಜಿನ ಮೇಲೆ, ಕತ್ತರಿ, ದಾರದ ಉಂಡೆ ಸರಿಸಿ ಇಟ್ಟೆ. ಕೂರಲು ಹೋದರೆ ಸಿಸ್ಟರ್ ಬೇಡ ಎಂದರು. ಹೊಲಿಗೆಯವರನ್ನು ಕೂರಿಸಿ ತಾವು ಹಿಂದೆ ನಿಂತರು.

"ಮೊದ್ಲು ಊರು. ಈ ಗುಂಪಿನ ಒಳಗೆ ಬಾ. ಹ್ಞಾಂ. ಈಗ ಇವರು ಏನು ಮಾಡ್ತಾರೆ ಹೇಳು."

"ಕರ್ಕಂಡು ಹೋಗಿ ಬಿಡ್ತಾರೆ."

"ಹಂಗಾದ್ರೆ ಅದಕ್ಕೊಂದು ಹೆಸರು ಹೇಳು. ನಿಮ್ಮೂರಾಗೆ ಹೆಂಗೆ ಅಂತೀರಿ ಹಂಗೆ."

ಹೊಲಿಗೆಯವರು ಯೋಚಿಸಿದರು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, "ಜೊತೆಗಾರರು ಅನ್ನಣ್ವಾ?" ಎಂದರು.

ಸಿಸ್ಟರ್ ನನ್ನ ಕಡೆ ನೋಡಲಿಲ್ಲ. "ಚೆನ್ನಾಗೈತೆ. ಬರಿ," ಎಂದರು.

ನಾನು ಅಂಗಡಿಯ ಹೊರಗಿನ ಬೆಂಚಿನ ಮೇಲೆ, ಹೊಲಿದು ಇಟ್ಟಿದ್ದ ಶಾಲೆಯ ಸಮವಸ್ತ್ರಗಳ ಪಕ್ಕ ಕೂತೆ. ಒಳಗಿನಿಂದ ಇಬ್ಬರೂ ಅಕ್ಷರ ಅಕ್ಷರವಾಗಿ ಓದುವುದು ಕೇಳುತ್ತಿತ್ತು. ಬಿಸಿಲು ಚುರುಕಾಗಿತ್ತು. ಎದುರಿನ ಹೋಟೆಲಿನಿಂದ ಮೂರು ಚಹಾ ಹೇಳಿ ಬರೋಣವೆಂದು ಎದ್ದೆ.